ಸೋಲಾರ್ ನೀರು ಉಗುರುಬೆಚ್ಚಗೆ, ಸರ್ವೀಸ್‌ನವರು ಟ್ಯಾಂಕೇ ಬದಲಾಯಿಸಿ ಅಂತಾರೆ: 32,000 ಹಾಕಬೇಕಾ?

ಲೆಕ್ಕದಮ್ಮ (ದಟ್ಟಗಳ್ಳಿ, ಮೈಸೂರು)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೀತೀನಿ, ಬೇಜಾರು ಮಾಡ್ಕೋಬೇಡಿ. ಚಿಕ್ಕದಾಗಿ ಕೇಳಿದ್ರೆ ನೀವೇ ಹತ್ತು ಪ್ರಶ್ನೆ ಕೇಳ್ತೀರ, ಅದಕ್ಕೇ ಎಲ್ಲ ಒಟ್ಟಿಗೆ ಹೇಳಿಬಿಡ್ತೀನಿ.

22 ವರ್ಷ ಬಾಡಿಗೆ ಮನೇಲಿದ್ವಿ. ಮೊದಲು ಚಾಮುಂಡಿಪುರಂ, ಆಮೇಲೆ ಕುವೆಂಪುನಗರ. 2022ರಲ್ಲಿ ದಟ್ಟಗಳ್ಳೀಲಿ 30-40 ಸೈಟಿನ ಹಳೇ ಮನೆ ತಗೊಂಡ್ವಿ. ಬಾಡಿಗೆ ಮನೇಲಿ ನಲ್ಲಿ ಸೋರಿದ್ರೆ ಓನರ್‌ಗೆ ಫೋನ್ ಮಾಡೋದು, ಅವರು ಬರದಿದ್ರೆ ಬೈಕೊಳ್ಳೋದು. ಈಗ ಬೈಕೊಳ್ಳೋಣ ಅಂದ್ರೆ ಓನರ್ ನಾನೇ.

ವಿಷಯ ಏನಂದ್ರೆ ಮನೆ ಜೊತೆ ಬಂದ ಸೋಲಾರ್. 200 ಲೀಟರ್, 20 ಗಾಜಿನ ಟ್ಯೂಬ್ ಇರೋದು. ಹಳೇ ಓನರ್ 2015ರಲ್ಲಿ ಹಾಕ್ಸಿದ್ರಂತೆ. ನಾವು ಬಂದ ಮೇಲೆ ಮೂರು ಚಳಿಗಾಲ ಏನೂ ತೊಂದರೆ ಇರಲಿಲ್ಲ, ಬೆಳಗ್ಗೆ ಏಳು ಗಂಟೆಗೂ ತಣ್ಣೀರು ಬೆರೆಸದೆ ಮೈಮೇಲೆ ಹಾಕೊಳ್ಳೋಕಾಗ್ತಿರಲಿಲ್ಲ. ಹೋದ ಮಳೆಗಾಲದಿಂದ ಶುರುವಾಯ್ತು ನೋಡಿ, ಎಷ್ಟು ಹೊತ್ತು ಬಿಟ್ಟರೂ ಉಗುರುಬೆಚ್ಚಗೆ. ಮೋಡ ಇರಬೇಕು ಅಂತ ಸುಮ್ಮನಿದ್ದೆ. ದಸರಾ ಮುಗೀತು, ದೀಪಾವಳಿ ಮುಗೀತು, ತಾರಸಿ ಮೇಲೆ ಹಪ್ಪಳ ಒಣಗಿಸೋಷ್ಟು ಬಿಸಿಲು ಬಂತು, ನೀರು ಮಾತ್ರ ಹಾಗೇ ಇದೆ.

ನಮ್ಮತ್ತೆಗೆ 78. ಬೆಳಗ್ಗೆ ಐದಕ್ಕೆ ಸ್ನಾನ ಆಗಿ ದೇವರ ಮನೆ ಬಾಗಿಲು ತೆಗೀಬೇಕು. ಮಳೆಗಾಲದಲ್ಲಿ ಅವರಿಗೆ ಕಷ್ಟ ಆಗುತ್ತೆ ಅಂತ ಜೂನ್‌ನಲ್ಲೇ ಕೆಳಗಿನ ಬಚ್ಚಲಲ್ಲಿ 15 ಲೀಟರಿನ ಗೀಸರ್ ಹಾಕ್ಸಿದ್ವಿ. ಸೋಲಾರ್ ಕೈ ಕೊಟ್ಟ ಮೇಲೆ ಮನೆಯ ಐದೂ ಜನ ಆ ಒಂದು ಗೀಸರ್ ಮುಂದೆ ಕ್ಯೂ. ಮಗಳು ಒಳಗೆ ಹೋದ್ರೆ ಆಚೆ ಬರೋ ಹೊತ್ತಿಗೆ ಅವರಪ್ಪನ ಫ್ಯಾಕ್ಟರಿ ಬಸ್ಸು ಹೋಗಿರುತ್ತೆ.

ಈಗ ಕರೆಂಟ್ ಬಿಲ್ಲಿಗೆ ಬನ್ನಿ. ಗೃಹಜ್ಯೋತಿ ಲೆಕ್ಕದಲ್ಲಿ ನಮ್ಮ ಮನೆಗೆ 148 ಯೂನಿಟ್ ಉಚಿತ. ನವೆಂಬರಲ್ಲಿ 171 ಆಯ್ತು, ಮೇಲಿನ 23 ಯೂನಿಟ್ಟಿಗೆ ದುಡ್ಡು ಕಟ್ಟಿದೆ, ಹೋಗಲಿ. ಡಿಸೆಂಬರಲ್ಲಿ 209. 200 ದಾಟಿದ್ರೆ ಪೂರ್ತಿ ಬಿಲ್ ನಮ್ಮ ತಲೆ ಮೇಲೆ ಅಂತ ಗೊತ್ತಿತ್ತು, ಆದ್ರೂ ಚೀಟೀಲಿ ಸಾವಿರದ ಆರುನೂರು ಚಿಲ್ಲರೆ ನೋಡಿದಾಗ ಎದೆ ಧಸಕ್ ಅಂತು. ಒಂಬತ್ತು ಯೂನಿಟ್ಟಿಗೆ ಇಷ್ಟು ದಂಡ!

ಟ್ಯಾಂಕ್ ಮೇಲೆ ಅಂಟಿಸಿದ್ದ ನಂಬರಿಗೆ ಫೋನ್ ಮಾಡಿದೆ. ನಾಲ್ಕು ದಿನ "ಇವತ್ತು ಬರ್ತೀವಿ ಮೇಡಂ". ಐದನೇ ದಿನ ಒಬ್ಬ ಹುಡುಗ ಬಂದ. ಮೇಲೆ ಹೋಗಿ ಏನೋ ಆಸಿಡ್ ಹಾಕಿ ತೊಳೆದ, ನೊರೆ ನೊರೆಯಾಗಿ ನೀರು ಹೋಯ್ತು. ಕೆಳಗೆ ಬಚ್ಚಲಿಗೂ ಬಂದು ಏನೇನೋ ತಿರುಗಿಸಿದ. ಅರ್ಧ ಗಂಟೆ, 1,800 ರೂಪಾಯಿ. ರಸೀದಿ ಕೇಳಿದ್ರೆ "ವಾಟ್ಸಾಪ್ ಮಾಡ್ತೀವಿ" ಅಂದ, ಇವತ್ತಿನವರೆಗೂ ಇಲ್ಲ. ಸುಳ್ಳು ಹೇಳಬಾರದು, ಮಾರನೇ ದಿನ ಬಿಸಿನೀರು ಚೆನ್ನಾಗಿ ಬಂತು, ಅದರ ಮಾರನೇ ದಿನವೂ ಬಂತು. ಮೂರನೇ ದಿನ ಮತ್ತೆ ಅದೇ ಹಾಡು. ಫೋನ್ ಮಾಡಿದ್ರೆ ಈ ಸಲ ಬೇರೆ ಯಾರೋ ಮಾತಾಡಿ, "ಒಳಗಿನ ಟ್ಯಾಂಕ್ ಹೋಗಿದೆ, ಎಕ್ಸ್‌ಚೇಂಜಲ್ಲಿ ಹೊಸದು 32,000, ಇಲ್ಲಾಂದ್ರೆ ವರ್ಷಕ್ಕೆ 4,000 ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ) ಮಾಡಿಸ್ಕೊಳ್ಳಿ" ಅಂದ್ರು. ಹೋಗಿರೋ ಟ್ಯಾಂಕಿಗೆ ಎಎಂಸಿ ಯಾಕೆ ಅಂತ ಕೇಳಿದೆ. ಫೋನ್ ಕಟ್ಟಾಯ್ತು.

ನಾನು ಲೆಕ್ಕ ಬರೀತೀನಿ. ಉದ್ದನೆ ಪುಸ್ತಕ, ಮಕ್ಕಳು ಅದು ತೆಗೆದ್ರೆ "ಬಜೆಟ್ ಅಧಿವೇಶನ ಶುರು" ಅಂತಾರೆ. ಈ ವರ್ಷ ಮನೆಗೇ ಅಂತ ಹೋಗಿದ್ದು: ಕಂದಾಯ 6,400, ಸಂಪು ಮತ್ತೆ ಟ್ಯಾಂಕು ತೊಳೆಸಿದ್ದು 1,500, ಬೋರ್ ಮೋಟರ್ ವೈಂಡಿಂಗ್ 3,800, ತಾರಸಿ ಬಿರುಕಿಗೆ 14,000, ಗೀಸರ್ ಮತ್ತೆ ಫಿಟ್ಟಿಂಗ್ 9,700, ಈಗ ಈ 1,800. ಒಟ್ಟು 37,200. ಇನ್ನು 32,000 ಅಂದ್ರೆ ಮಗನ ಸೆಮಿಸ್ಟರ್ ಫೀಸಿಗೆ ಕೈ ಹಾಕಬೇಕು.

ಟ್ಯಾಂಕ್ ನಿಜವಾಗ್ಲೂ ಹೋಗಿದೆಯಾ ಅಂತ ನಾನೇ ನೋಡೋದು ಹೇಗೆ? ಎಎಂಸಿ ಮಾಡಿಸಿದ್ರೆ ಉಪಯೋಗ ಇದೆಯಾ? ಮತ್ತೆ ಸ್ವಂತ ಮನೆ ಇರೋರು ವರ್ಷಕ್ಕೆ ಇಂಥದ್ದಕ್ಕೆಲ್ಲ ಎಷ್ಟು ಅಂತ ಎತ್ತಿಡ್ತೀರ?

ಮೇಲ್ಮನೆ 404

ಮೇಡಂ, ಸೋಲಾರ್ ತಲೆನೋವು ಬಿಟ್ಟಾಕಿ. ಬಚ್ಚಲಿಗೆ ಗ್ಯಾಸ್ ಗೀಸರ್ ಹಾಕ್ಸಿ, ಆನ್ ಮಾಡಿದ ತಕ್ಷಣ ಬಿಸಿನೀರು, ಕರೆಂಟ್ ಬಿಲ್ಲೂ ಇಲ್ಲ. ಎಎಂಸಿ ಎಲ್ಲ ದುಡ್ಡು ದಂಡ.

ಹಳೇ ಐಟಿಐ

ಮೊದಲು ಮೇಲಿನ ತಮ್ಮನಿಗೆ. 78 ವರ್ಷದವರು ಬೆಳಗ್ಗೆ ಐದಕ್ಕೆ ಚಳಿಗೆ ಕಿಟಕಿ ಮುಚ್ಚಿಕೊಂಡು ಸ್ನಾನ ಮಾಡೋ ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಾಕಿ ಅಂತ ದಯವಿಟ್ಟು ಯಾರಿಗೂ ಹೇಳಬೇಡಿ. ಗಾಳಿ ಸಾಲದೆ ಗ್ಯಾಸ್ ಅರ್ಧಂಬರ್ಧ ಉರಿದ್ರೆ ಕಾರ್ಬನ್ ಮಾನಾಕ್ಸೈಡ್ ಬರುತ್ತೆ. ವಾಸನೆ ಇಲ್ಲ, ಬಣ್ಣ ಇಲ್ಲ, ಕೂತಲ್ಲೇ ಪ್ರಜ್ಞೆ ತಪ್ಪಿಸುತ್ತೆ. ಹಾಕಲೇಬೇಕಾದ್ರೆ ಬಚ್ಚಲಿನ ಆಚೆ, ಗಾಳಿ ಆಡೋ ಕಡೆ ಹಾಕಿ ಪೈಪು ಮಾತ್ರ ಒಳಗೆ ತರಬೇಕು.

ಅಮ್ಮಾ, ಈಗ ನಿಮ್ಮ ವಿಷಯ. ಸದ್ಯಕ್ಕೆ 32,000 ಮುಟ್ಟಬೇಡಿ.

ನಾನು 31 ವರ್ಷ ಹೆಬ್ಬಾಳ್ ಇಂಡಸ್ಟ್ರಿಯಲ್ ಏರಿಯಾದಲ್ಲಿ ಮೇಂಟೆನೆನ್ಸ್ ಕೆಲಸ ಮಾಡಿ ರಿಟೈರ್ ಆದವನು. ಅಲ್ಲಿ ಬಾಯ್ಲರ್ ಅಂದ್ರೆ ನಿಮ್ಮ ಮನೆ ಹಾಲ್‌ನಷ್ಟು ದೊಡ್ಡದು. ಆಗ ಇದ್ದ 1923ರ ಬಾಯ್ಲರ್ ಕಾಯ್ದೆ ಪ್ರಕಾರ ಇನ್‌ಸ್ಪೆಕ್ಟರ್ ಬಂದು ನೋಡಿ ಸರ್ಟಿಫಿಕೇಟ್ ಕೊಟ್ಟ ಮೇಲೇನೇ ಉರಿ ಹಚ್ತಿದ್ವಿ. ಅವರು ಬರ್ತಾರೆ ಅಂದ್ರೆ ಬಿಚ್ಚಿದ ಪ್ರತಿಯೊಂದು ಪಾರ್ಟೂ ನೆಲದ ಮೇಲೆ ಜೋಡಿಸಿಟ್ಟಿರಬೇಕಿತ್ತು. ಮನೆ ಸೋಲಾರಿಗೆ ಅಂಥ ಇನ್‌ಸ್ಪೆಕ್ಟರ್ ಯಾರೂ ಇಲ್ಲ, ನೀವೇ ಮೇಲೆ ಹತ್ತಬೇಕು.

ನೀವು ಬರೆದದ್ದರಲ್ಲಿ ನನಗೆ ಎರಡು ಮಾತು ಕಣ್ಣಿಗೆ ಬಿತ್ತು. ಗೀಸರ್ ಹಾಕ್ಸಿದ್ದು ಜೂನ್, ಸೋಲಾರ್ ಕೆಟ್ಟಿದ್ದು ಮಳೆಗಾಲ. ಎರಡನೇದು, ಆ ಹುಡುಗ ಬಚ್ಚಲಿಗೆ ಬಂದು ಏನೋ ತಿರುಗಿಸಿದ ಮೇಲೆ ಎರಡು ದಿನ ಬಿಸಿನೀರು ಬಂತು. ಟ್ಯಾಂಕ್ ಹೋಗಿದ್ರೆ ಆ ಎರಡು ದಿನ ಎಲ್ಲಿಂದ ಬರ್ತಿತ್ತು? ಒಳ ಟ್ಯಾಂಕ್ ತೂತಾದ್ರೆ ಹೊರಗಿನ ತಗಡಿನ ಸಂದೀಲಿ ನೀರು ತೊಟ್ಟಿಕ್ಕಿ ತಾರಸಿ ಒದ್ದೆಯಾಗಿರುತ್ತೆ, ನೀವು ಹಪ್ಪಳ ಒಣಗಿಸೋ ಜಾಗ ನಿಮಗೆ ಗೊತ್ತಾಗದೇ ಇರುತ್ತಾ?

ನನ್ನ ಅನುಮಾನ ಪ್ಲಂಬರ್ ಮೇಲೆ. ಗೀಸರಿಗೆ ನೀರು ಹೋಗೋ ಪೈಪನ್ನ ತಣ್ಣೀರು ಲೈನಿಂದ ಕೊಟ್ಟು, ಬಿಸಿನೀರು ಬರೋ ಪೈಪನ್ನ ಸೋಲಾರ್ ಲೈನಿಗೆ ಸೇರಿಸಿರ್ತಾರೆ. ಗೀಸರ್ ಆಫ್ ಇದ್ದಾಗ ಅದು ಬರೀ ತಣ್ಣೀರು ದಾಟೋ ಡಬ್ಬ. ನೀವು ಬಿಸಿನೀರಿನ ನಲ್ಲಿ ತಿರುಗಿಸಿದ್ರೆ ಸೋಲಾರ್ ನೀರು ತಾರಸಿಯಿಂದ ಸುತ್ತಿಕೊಂಡು ಬರಬೇಕು, ಗೀಸರಿನ ತಣ್ಣೀರು ಪಕ್ಕದಲ್ಲೇ ಇದೆ. ಯಾರು ಮೊದಲು ಬರ್ತಾರೆ? ಎರಡೂ ಬೆರೆತು ಉಗುರುಬೆಚ್ಚಗೆ.

ಪರೀಕ್ಷೆ ಸುಲಭ. ತಾರಸಿ ಮೇಲೆ ಸೋಲಾರ್ ಟ್ಯಾಂಕಿಗೆ ತಣ್ಣೀರು ಹೋಗೋ ಪೈಪಿನ ವಾಲ್ವ್ ಪೂರ್ತಿ ಮುಚ್ಚಿ. ಗೀಸರ್ ಆಫ್ ಇರಲಿ. ಕೆಳಗೆ ಬಂದು ಬಿಸಿನೀರಿನ ನಲ್ಲಿ ಒಂದೇ ಬಿಟ್ಟು ಬಿಡಿ. ಸ್ವಲ್ಪ ಹೊತ್ತು ಬಂದು ನೀರು ನಿಲ್ಲಬೇಕು. ನಿಲ್ಲದೆ ತಣ್ಣಗೆ ಬರ್ತಾನೇ ಇದ್ರೆ ಎಲ್ಲೋ ತಣ್ಣೀರು ನುಗ್ತಾ ಇದೆ ಅಂತ ಅರ್ಥ. ಆಗ ಗೀಸರ್ ಕೆಳಗಿನ ಆಂಗಲ್ ಕಾಕ್ (ತಣ್ಣೀರು ಒಳಗೆ ಬಿಡೋ ಚಿಕ್ಕ ವಾಲ್ವ್) ಮುಚ್ಚಿ ನೋಡಿ, ನಿಂತ್ರೆ ಕಳ್ಳ ಸಿಕ್ಕಿದ. ನೋಡಿ ಆದ ಮೇಲೆ ಎಲ್ಲ ವಾಲ್ವ್ ಮತ್ತೆ ತೆಗೀಬೇಕು, ಮರೀಬೇಡಿ. ಕಾಕ್ ಮುಚ್ಚಿದ್ದಾಗ ಗೀಸರ್ ಸ್ವಿಚ್ ಹಾಕಬೇಡಿ.

ಮೇಲೆ ಹತ್ತಿದಾಗ ಟ್ಯೂಬುಗಳ ಕೆಳ ತುದಿಯನ್ನೂ ನೋಡಿ. ಚೆನ್ನಾಗಿರೋ ಟ್ಯೂಬಿನ ತುದೀಲಿ ಕನ್ನಡಿ ಥರ ಬೆಳ್ಳಿ ಬಣ್ಣ ಇರುತ್ತೆ, ಒಳಗೆ ಬೇರಿಯಂ ಲೇಪ ಹಾಕಿರ್ತಾರೆ. ಗಾಳಿ ಹೊಕ್ಕು ನಿರ್ವಾತ ಹೋದ್ರೆ ಆ ಬೆಳ್ಳಿ ಬಣ್ಣ ಹಾಲಿನ ಹಾಗೆ ಬೆಳ್ಳಗಾಗುತ್ತೆ. ಅಂಥ ಟ್ಯೂಬ್ ಇದ್ದೂ ಇಲ್ಲದ ಹಾಗೆ. ಅದೊಂದನ್ನೇ ಬದಲಾಯಿಸಬಹುದು, ಸೆಟ್ಟೇ ಬದಲಾಯಿಸಬೇಕಿಲ್ಲ.

ಕರೆಂಟ್ ಲೆಕ್ಕ ಕೇಳಿ. ಒಂದು ಯೂನಿಟ್ಟು 100 ಲೀಟರ್ ನೀರನ್ನ ಸುಮಾರು ಎಂಟೂವರೆ ಡಿಗ್ರಿ ಮಾತ್ರ ಏರಿಸುತ್ತೆ. ನೀವು ಐದು ಜನ, ತಲೆಗೆ 20 ಲೀಟರ್, 20 ಡಿಗ್ರಿ ಏರಬೇಕು ಅಂದ್ಕೊಂಡ್ರೆ ದಿನಕ್ಕೆ 2.3 ಯೂನಿಟ್, ತಿಂಗಳಿಗೆ ಹತ್ತಿರ ಹತ್ತಿರ 70. ನಿಮ್ಮ ಬಿಲ್ 148ರ ಆಚೆ ಎಷ್ಟು ಜಾಸ್ತಿ ಆಗಿದೆ? 61. ಮೀಟರ್ ಸುಳ್ಳು ಹೇಳ್ತಿಲ್ಲ.

ಎಎಂಸಿ: ಕಾಗದದಲ್ಲಿ ಯಾವ ಯಾವ ಪಾರ್ಟ್ ಸೇರಿದೆ ಅಂತ ಹೆಸರು ಹಿಡಿದು ಬರೆದಿದ್ರೆ ಯೋಚನೆ ಮಾಡಿ. ಬರೀ "ವರ್ಷಕ್ಕೆ ಎರಡು ಸರ್ವೀಸ್" ಅಂತಿದ್ರೆ ನೀವು ಕೊಡ್ತಿರೋದು ಅವರ ಪೆಟ್ರೋಲ್ ದುಡ್ಡು.

ಕೆರಗೋಡು ಹೈದ (ಮಂಡ್ಯ)

ಅಕ್ಕ, ನಗು ಬಂತು, ತಪ್ಪು ತಿಳ್ಕಬೇಡಿ. ನಮ್ಮನೇಲಿ ಬಚ್ಚಲೊಲೆ ಮ್ಯಾಲೆ ತಾಮ್ರದ ಹಂಡೆ ಇನ್ನೂ ಕುಂತದೆ. ತ್ವಾಟದಲ್ಲಿ ತೆಂಗಿನ ಮಟ್ಟೆ, ಗರಿ ಬಿದ್ದಿರ್ತವೆ, ಸಂಜೇಲೆ ಒಲೆ ಬಾಯ್ಗೆ ತುರುಕಿ ಮಡಗುದ್ರೆ ಬೆಳಿಗ್ಗೆ ಒಂದ್ ಕಡ್ಡಿ ಗೀರದು ಅಷ್ಟೆ. ಸರ್ವೀಸು ವರ್ಸಕ್ಕೊಂದೇ ಸತಿ, ನೀರು ತುಂಬೋ ಹಬ್ಬದ ದಿನ. ಹಂಡೆ ಇಳಿಸಿ, ಹುಣಸೇಹಣ್ಣು ಬೂದಿ ಹಾಕಿ ಬೆಳಗಿ, ಒಳಗೆ ಕಟ್ಟಿರೋ ಸುಣ್ಣವ ಕೆರೆದು, ಹೊರಗೆ ಕೆಮ್ಮಣ್ಣು ಸುಣ್ಣದ ಪಟ್ಟೆ ಬಳ್ದು, ಹಾಗಲ ಬಳ್ಳಿ ಸುತ್ತಿ ಹೊಸ ನೀರು ತುಂಬದು. ನಮ್ಮಜ್ಜಿ ಆ ಕೆಲಸವ ಯಾರ್ಗೂ ಬಿಟ್ಟುಕೊಡ್ತಿರ್ಲಿಲ್ಲ.

ಆ ಸುಣ್ಣದ ವಿಚಾರಕ್ಕೇ ಬರ್ದೆ. ನಾಲೆ ನೀರು ಹುಯ್ದ ವರ್ಸ ಹಂಡೆ ಒಳಗೆ ಏನೂ ಕಟ್ಟಕಿಲ್ಲ, ಬೋರು ನೀರು ಹುಯ್ದ್ರೆ ರೊಟ್ಟಿ ದಪ್ಪಕ್ಕೆ ಕಟ್ತದೆ. ನಿಮ್ ಸೋಲಾರಿಗೆ ಹೋಯ್ತಿರದು ಯಾವ ನೀರು ಅಂತ ಒಸಿ ನೋಡ್ಕಳಿ. ಹಂಡೆ ಆದ್ರೆ ಕೈ ಹಾಕಿ ಕೆರೀಬಹುದು, ನಿಮ್ ಟ್ಯಾಂಕಿಗೆ ಕೈ ಹೋಯ್ತದಾ?

ಹಂಡೆ ಪುಕ್ಕಟೆ ಅಂತಾನೂ ನಾ ಯೋಳಕಿಲ್ಲ. ಹೊಗೆ ಕುಡ್ದು ಅವ್ವನ ಕಣ್ಣು ಯಾವಾಗ್ಲೂ ಕೆಂಪು.

ಹಳೇ ಐಟಿಐ

ಮಂಡ್ಯದವರು ಸರಿಯಾಗಿ ಹಿಡಿದ್ರು. ಕುಡಿಯೋ ನೀರಿನ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಮಾನದಂಡದಲ್ಲಿ ಗಡಸುತನ, ಅಂದ್ರೆ ಕರಗಿರೋ ಸುಣ್ಣದಂಥ ಲವಣ, ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲ ಅಂದ್ರೆ 600ರವರೆಗೆ ಪರವಾಗಿಲ್ಲ ಅಂತಿದೆ. ನೀರು ಬಿಸಿಯಾದಷ್ಟೂ ಅದರಲ್ಲಿರೋ ಸುಣ್ಣ ಕೆಳಗೆ ಕೂರುತ್ತೆ. ಪೆನ್ನಿನ ಥರ ಇರೋ ಟಿಡಿಎಸ್ ಮೀಟರ್ ಅದ್ದಿ "ನೋಡಿ ಎಷ್ಟು ಗಡಸು" ಅಂತ ಹೆದರಿಸೋರನ್ನ ನಂಬಬೇಡಿ, ಟಿಡಿಎಸ್ ಅಂದ್ರೆ ನೀರಲ್ಲಿ ಕರಗಿರೋ ಎಲ್ಲದರ ಲೆಕ್ಕ, ಗಡಸುತನ ಬೇರೆ. ನಲ್ಲಿ ನೀರು ಬರುತ್ತೆ ಅಂದ್ರೆ ಸೋಲಾರಿಗೆ ಅದನ್ನೇ ಹತ್ತಿಸಿ, ಬೋರ್ ನೀರು ಗಿಡಕ್ಕೆ, ಪಾಯಖಾನೆಗೆ ಇಟ್ಕೊಳ್ಳಿ.

ಪಾಸ್‌ಬುಕ್ (ಸರಸ್ವತೀಪುರಂ)

ಬಿಸಿನೀರಿನ ವಿಷಯ ನನಗೆ ಗೊತ್ತಿಲ್ಲ, ನಿಮ್ಮ ಪುಸ್ತಕದ ಬಗ್ಗೆ ಎರಡು ಮಾತು. ಆ 37,200ರಲ್ಲಿ ಎರಡು ಥರದ ಖರ್ಚು ಬೆರೆತಿದೆ. ಕಂದಾಯ, ಸಂಪು, ಸರ್ವೀಸು ಸೇರಿ 9,700, ಇದು ಪ್ರತಿ ವರ್ಷದ್ದು. ತಾರಸಿ, ಮೋಟರ್, ಗೀಸರ್ ಸೇರಿ 27,500, ಇದು ಈ ವರ್ಷ ಒಟ್ಟಿಗೆ ಬಂದು ಬಡೀತು, ಬರೋ ವರ್ಷ ಬರಲ್ಲ. ಬೇರೆ ಏನೋ ಬರುತ್ತೆ ಅನ್ನೋದು ಬೇರೆ ಮಾತು, ಬಣ್ಣ ಬಳಿಸೋ ಕಾಲ ಹತ್ತಿರ ಬಂದಿರಬೇಕು ನಿಮಗೆ.

ನಾವು ಮಾಡೋದು ಇಷ್ಟೆ. ಬಾಡಿಗೆ ಕಟ್ಟಿ ಅಭ್ಯಾಸ ಇತ್ತಲ್ಲ, ಈಗ ಮನೆಗೇ ಬಾಡಿಗೆ ಕಟ್ತೀವಿ. ತಿಂಗಳಿಗೆ 3,500, ಬ್ಯಾಂಕಿನಲ್ಲಿ ಒಂದು ವರ್ಷದ ಆರ್‌ಡಿ. ಸಂಬಳ ಬಂದ ದಿನವೇ ಕಟ್ಟಾಗಿ ಹೋಗುತ್ತೆ. ಮಾರ್ಚ್ ಕೊನೇಲಿ ಕೈಗೆ ಬರೋ ಹಾಗೆ ಶುರು ಮಾಡಿ, ಯಾಕಂದ್ರೆ ಏಪ್ರಿಲ್‌ನಲ್ಲಿ ಕಂದಾಯ ಕಟ್ಟಿದ್ರೆ 5% ರಿಯಾಯಿತಿ ಇದೆ. ನಿಮ್ಮ 6,400ಕ್ಕೆ 320 ರೂಪಾಯಿ. ಈ ವರ್ಷ ಯಾವಾಗ ಕಟ್ಟಿದ್ರಿ?

ಮಗನ ಫೀಸಿನ ದುಡ್ಡನ್ನ ಮಾತ್ರ ಮನೆಗೆ ಮುಟ್ಟಬೇಡಿ, ಮುಟ್ಟಿದ್ರೆ ಅದು ವಾಪಸ್ ಹೋಗಲ್ಲ. ಅನುಭವದ ಮಾತು.

ಲೆಕ್ಕದಮ್ಮ

ಎರಡು ವಾರ ಆಯ್ತು, ಆಗಿದ್ದು ಹೇಳ್ತೀನಿ.

ಭಾನುವಾರ ಮಧ್ಯಾಹ್ನ ಮಗನ್ನ ತಾರಸಿಗೆ ಹತ್ತಿಸಿ ವಾಲ್ವ್ ಮುಚ್ಚಿಸಿದೆ. ನಾನು ಬಚ್ಚಲಲ್ಲಿ ಬಕೆಟ್ ಇಟ್ಕೊಂಡು ಕೂತೆ. ಒಂದು ಬಕೆಟ್ ತುಂಬಿತು, ಎರಡು ತುಂಬಿತು, ಮೂರನೇದೂ ತುಂಬಿತು, ನಿಲ್ಲೋ ಸೂಚನೇನೇ ಇಲ್ಲ, ಅದೂ ಮಂಜಿನಂಥ ತಣ್ಣೀರು. ಗೀಸರ್ ಕೆಳಗಿನ ಕಾಕ್ ಮುಚ್ಚಿದೆ. ಟಕ್ ಅಂತ ನಿಂತಿತು. ನಾನು "ಸಿಕ್ಕಿದ" ಅಂತ ಕೂಗಿದ್ದಕ್ಕೆ ಅತ್ತೆ ಹಾವೇನಾದ್ರೂ ಬಂತಾ ಅಂತ ಓಡಿ ಬಂದ್ರು.

ಆ ಎರಡು ದಿನದ ಗುಟ್ಟೂ ರಟ್ಟಾಯ್ತು. ಸರ್ವೀಸ್ ಹುಡುಗ ಈ ಕಾಕ್ ಮುಚ್ಚಿ ಹೋಗಿದ್ದ. ಮೂರನೇ ದಿನ ನಮ್ಮ ಯಜಮಾನ್ರು "ಯಾರೋ ಕಾಕ್ ಮುಚ್ಚಿದಾರಲ್ಲ, ಗೀಸರ್ ಸುಟ್ಟು ಹೋಗುತ್ತೆ" ಅಂತ ತೆಗೆದಿದ್ರಂತೆ. ಕೇಳಿದ್ರೆ ಈಗ ಹೇಳ್ತಾರೆ! ಆ ಹುಡುಗನಿಗೆ ವಿಷಯ ಗೊತ್ತಿದ್ದೇ ಮುಚ್ಚಿದ್ನಾ, ಆಸಿಡ್ ಒಳಗೆ ಹೋಗದಿರಲಿ ಅಂತ ಮುಚ್ಚಿದ್ನಾ, ಆ ದೇವರಿಗೇ ಗೊತ್ತು.

ಎದುರುಮನೆಯವರ ಪ್ಲಂಬರನ್ನ ಕರೆಸಿದೆ. ಗೀಸರಿಗೆ ನೀರು ಕೊಡೋ ಪೈಪನ್ನ ತಣ್ಣೀರು ಲೈನಿಂದ ಕಿತ್ತು ಸೋಲಾರ್ ಲೈನಿಗೇ ಕೊಡ್ಸಿ, ಪಕ್ಕದಲ್ಲಿ ಒಂದು ಬೈಪಾಸ್ ವಾಲ್ವ್ (ಬೇಕಾದಾಗ ಗೀಸರ್ ಬಿಟ್ಟು ನೀರು ನೇರ ಬರೋಕೆ) ಹಾಕ್ಸಿದೆ. ಈಗ ಸೋಲಾರ್ ನೀರೇ ಗೀಸರ್ ಒಳಗೆ ಹೋಗುತ್ತೆ, ಅದು ಬಿಸಿ ಇದ್ರೆ ಥರ್ಮೋಸ್ಟಾಟ್ ಕರೆಂಟೇ ಎಳೆಯಲ್ಲ. ಟ್ಯೂಬಲ್ಲಿ ಎರಡು ನೀವು ಹೇಳಿದ ಹಾಗೆ ಹಾಲಿನ ಥರ ಬೆಳ್ಳಗಾಗಿತ್ತು, ಅವನ್ನೂ ಬದಲಾಯಿಸ್ದೆ. ಪೈಪು, ವಾಲ್ವ್, ಕೂಲಿ 1,150. ಟ್ಯೂಬ್ ಎರಡು, ರಬ್ಬರ್ ರಿಂಗ್, ಹಾಕೋ ಕೂಲಿ 1,500. ರಸೀದಿ ಎದುರಿಗೇ ಬರೆಸ್ಕೊಂಡೆ, ಕಿತ್ತ ಟ್ಯೂಬನ್ನೂ ಇಲ್ಲೇ ಇಡಿ ಅಂದೆ. ಪ್ಲಂಬರ್ ನನ್ನನ್ನ ಒಂಥರಾ ನೋಡಿದ.

ಜನವರಿ ಬಿಲ್ 163. ಕೆಲಸ ಆಗಿದ್ದು ತಿಂಗಳ ಮಧ್ಯ, ಫೆಬ್ರವರೀಲಿ 148ರ ಒಳಗೆ ಬರಬೇಕು. ಬೋರ್ ನೀರು ಮೇಲಿನ ಟ್ಯಾಂಕಿಗೆ ಹತ್ತಿಸೋದು ನಿಲ್ಲಿಸಿದೀವಿ, ನಲ್ಲಿ ನೀರು ಬರದ ದಿನ ಮಾತ್ರ.

ಪಾಸ್‌ಬುಕ್ ಅವರೇ, ಕಂದಾಯ ಕಟ್ಟಿದ್ದು ಜುಲೈನಲ್ಲಿ. 320 ರೂಪಾಯಿ ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ. ಆರ್‌ಡಿ 3,500 ಆಗಲ್ಲ, 2,500ಕ್ಕೆ ಶುರು ಮಾಡಿದೀನಿ, ಪುಸ್ತಕದಲ್ಲಿ "ಓನರ್ ಬಾಡಿಗೆ" ಅಂತ ಬರೆದಿದೀನಿ. ಕೆರಗೋಡು ತಮ್ಮಾ, ನಿಮ್ಮ ಹಂಡೆ ಕತೆ ಅತ್ತೆಗೆ ಓದಿ ಹೇಳಿದೆ. ಅವರ ತವರಲ್ಲೂ ಹಾಗೇ ಇತ್ತಂತೆ, ಒಂದು ಗಂಟೆ ಅದೇ ಮಾತು.

ಐಟಿಐ ಯಜಮಾನ್ರೇ, ಒಂದೇ ಒಂದು ಕೊನೇ ಪ್ರಶ್ನೆ. ಗೀಸರಿಗೆ ಇನ್ನೂ ವಾರಂಟಿ ಇದೆ. ಅದಕ್ಕೆ ಸರ್ವೀಸ್ ಯಾವಾಗ ಮಾಡಿಸಬೇಕು, ಏನು ನೋಡಿಸಬೇಕು?

ಹಳೇ ಐಟಿಐ

ಜೂನ್‌ಗೆ ವರ್ಷ ತುಂಬುತ್ತಲ್ಲ, ಆಗ ಮಾಡಿಸಿ, ಮಳೆಗಾಲ ಜೋರಾಗೋ ಮೊದಲು. ವಾರಂಟಿ ಇರೋದ್ರಿಂದ ಕಂಪನಿಯವರನ್ನೇ ಕರೆಸಿ. ಬಂದವರಿಗೆ "ಆನೋಡ್ ಕಡ್ಡಿ ತೆಗೆದು ತೋರಿಸಿ" ಅನ್ನಿ. ಮೆಗ್ನೀಸಿಯಂ ಕಡ್ಡಿ, ಟ್ಯಾಂಕ್ ತುಕ್ಕು ಹಿಡಿಯೋ ಬದಲು ಅದೇ ಕರಗಿ ಹೋಗ್ತಾ ಇರುತ್ತೆ. ಅರ್ಧಕ್ಕಿಂತ ಸವೆದಿದ್ರೆ ಬದಲಾಯಿಸಿ. ಹೊರಗಡೆ ತಗೊಳ್ಳೋದಾದ್ರೆ ಹಳೇದನ್ನ ಕೈಯಲ್ಲೇ ಹಿಡ್ಕೊಂಡು ಹೋಗಿ, ಥ್ರೆಡ್ಡಿನ ಅಳತೆ ಒಂದೊಂದು ಕಂಪನೀದು ಒಂದೊಂದು ಥರ. ಸೇಫ್ಟಿ ವಾಲ್ವಿನ ಹಿಡಿ ಎತ್ತಿ ನೀರು ಬರುತ್ತಾ ನೋಡ್ಸಿ.

ಮೆಯಿನ್ ಬೋರ್ಡಲ್ಲಿ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ತಾನೇ ಕಟ್ ಮಾಡೋ ಸ್ವಿಚ್) ಇದೆಯಾ? ಅದರ ಮೇಲೆ ಟೆಸ್ಟ್ ಅಂತ ಒಂದು ಗುಂಡಿ ಇರುತ್ತೆ, ಒತ್ತಿದ್ರೆ ಮನೆ ಕರೆಂಟ್ ಹೋಗಬೇಕು. ಇದಕ್ಕೆ ಜೂನ್‌ವರೆಗೆ ಕಾಯಬೇಡಿ ಅಮ್ಮಾ, ಇವತ್ತೇ ಒತ್ತಿ ನೋಡಿ ಇಲ್ಲಿ ಬರೀರಿ.

ಲೆಕ್ಕದಮ್ಮ

ಒತ್ತಿದೆ. ಹೋಯ್ತು. ಮಗಳು ಆನ್‌ಲೈನ್ ಕ್ಲಾಸಲ್ಲಿದ್ಲು, ಈಗ ಬೈಸ್ಕೊಳ್ತಿದೀನಿ.